ತೆರವಾದ ವಾರ್ಡಿಗೆ ಹಂಗಾಮಿ ಹೊಣೆ ಯಾರದು?

ಮಾನ್ಯ ಸಂಪಾದಕರೇ,

ನಗರ ಪಾಲಿಕೆಯ ಸದಸ್ಯರೊಬ್ಬರು ಅವಧಿಯ ನಡುವೆ ತೀರಿಕೊಂಡರೆ, ರಾಜೀನಾಮೆ ಕೊಟ್ಟರೆ ಅಥವಾ ಅನರ್ಹಗೊಂಡರೆ ಆ ವಾರ್ಡಿಗೆ ಉಪಚುನಾವಣೆ ನಡೆಯಬೇಕು ಎಂಬುದು ಎಲ್ಲರಿಗೂ ಗೊತ್ತಿರುವ ವಿಚಾರ. ಆದರೆ ಸ್ಥಾನ ತೆರವಾದ ದಿನದಿಂದ ಹೊಸ ಸದಸ್ಯರು ಪ್ರಮಾಣವಚನ ಸ್ವೀಕರಿಸುವ ದಿನದವರೆಗೆ ಆ ವಾರ್ಡಿನ ಜನ ಯಾರ ಬಳಿ ಹೋಗಬೇಕು, ವಾರ್ಡ್ ಸಮಿತಿಯ ಸಭೆಯನ್ನು ಯಾರು ನಡೆಸಬೇಕು, ವಾರ್ಡಿನ ಪರವಾಗಿ ಪಾಲಿಕೆಯ ಸಭೆಯಲ್ಲಿ ಯಾರು ಬಾಯಿ ತೆರೆಯಬೇಕು ಎಂಬ ಪ್ರಶ್ನೆಗಳು ಬೆಂಗಳೂರಿನಲ್ಲಿ ಪ್ರತಿ ಬಾರಿಯೂ ಆಯಾ ಸಂದರ್ಭಕ್ಕೆ, ಆಯಾ ಕ್ಷೇತ್ರದ ಬಲಾಬಲಕ್ಕೆ ತಕ್ಕಂತೆ ತೀರ್ಮಾನವಾಗುತ್ತಾ ಬಂದಿವೆ. ಈಗ ನಗರದಲ್ಲಿ ಒಂದು ಪಾಲಿಕೆಯ ಬದಲು ಐದು ಪಾಲಿಕೆಗಳಿವೆ, 198 ವಾರ್ಡ್‌ಗಳ ಜಾಗದಲ್ಲಿ 369 ವಾರ್ಡ್‌ಗಳಾಗಿವೆ. ಇಷ್ಟು ಸ್ಥಾನಗಳಲ್ಲಿ ಐದು ವರ್ಷಗಳ ಕಾಲ ಒಂದೂ ತೆರವಾಗದು ಎಂದು ನಂಬುವವರು ಯಾರೂ ಇರಲಾರರು. ಯಾವ ವಾರ್ಡ್ ತೆರವಾಗುತ್ತದೆಂದು ಯಾರಿಗೂ ತಿಳಿಯದಿರುವಾಗಲೇ ಇದಕ್ಕೊಂದು ನಿಯಮ ಬರೆದಿಡುವುದು ಒಳ್ಳೆಯದು. ಸ್ಥಾನ ತೆರವಾದ ಮೇಲೆ ಬರೆಯಲು ಕುಳಿತರೆ ನಿಯಮದ ಪ್ರತಿ ಸಾಲಿನ ಹಿಂದೆಯೂ ಯಾರದೋ ಹೆಸರು ಇರುತ್ತದೆ. ಈ ಪತ್ರದ ಉದ್ದೇಶ ಅಂಥ ನಿಯಮ ಹೇಗಿರಬೇಕೆಂಬುದರ ಬಗ್ಗೆ ಕೆಲವು ಮಾತು ಹೇಳುವುದು.

ಮೊದಲು ಒಂದು ಹಳೆಯ ಪ್ರಕರಣವನ್ನು ನೆನಪಿಸಬೇಕು. 2018ರ ಸೆಪ್ಟೆಂಬರ್ 28ರಂದು ಕಾವೇರಿಪುರ ವಾರ್ಡಿನ ಸದಸ್ಯೆ ರಮೀಳಾ ಉಮಾಶಂಕರ್ ಅವರು ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಉಪಮೇಯರ್ ಆಗಿ ಆಯ್ಕೆಯಾದರು. ಅದಾಗಿ ಒಂದು ವಾರ ಕಳೆಯುವಷ್ಟರಲ್ಲಿ, ಅಕ್ಟೋಬರ್ 5ರಂದು, ಅವರು ಹೃದಯಾಘಾತದಿಂದ ತೀರಿಕೊಂಡರು. ಒಂದೇ ಸಾವಿನಿಂದ ಎರಡು ಸ್ಥಾನಗಳು ತೆರವಾದವು: ಉಪಮೇಯರ್ ಹುದ್ದೆ ಒಂದು, ಕಾವೇರಿಪುರದ ಸದಸ್ಯತ್ವ ಇನ್ನೊಂದು. ಉಪಮೇಯರ್ ಹುದ್ದೆ ಅದೇ ಡಿಸೆಂಬರ್‌ನಲ್ಲಿ ಭರ್ತಿಯಾಯಿತು. ಕಾವೇರಿಪುರದ ಉಪಚುನಾವಣೆಗೆ ಮತದಾನ ನಡೆದದ್ದು 2019ರ ಮೇ 29ರಂದು, ಅಂದರೆ ಸುಮಾರು ಎಂಟು ತಿಂಗಳ ನಂತರ. ನಡುವೆ ಏಪ್ರಿಲ್ 18ರಂದು ಇಡೀ ಬೆಂಗಳೂರು ಲೋಕಸಭಾ ಚುನಾವಣೆಗೆ ಮತ ಹಾಕಿತು, ಕಾವೇರಿಪುರದವರೂ ಸಾಲಿನಲ್ಲಿ ನಿಂತು ಮತ ಹಾಕಿ ಬಂದರು, ಆರು ವಾರ ಕಳೆಯುವ ಮುನ್ನ ವಾರ್ಡಿಗಾಗಿ ಮತ್ತೊಮ್ಮೆ ಹೋದರು. ಪಕ್ಷಗಳಿಗೆ ಬೇಕಾದ ಹುದ್ದೆ ಎರಡು ತಿಂಗಳಲ್ಲಿ ತುಂಬುವುದು, ಜನರಿಗೆ ಬೇಕಾದ ಸ್ಥಾನ ಎಂಟು ತಿಂಗಳು ಕಾಯುವುದು ಯಾರೊಬ್ಬರ ದುರುದ್ದೇಶದಿಂದ ಆದದ್ದೆಂದು ನಾನು ಹೇಳುತ್ತಿಲ್ಲ. ಪಾಲಿಕೆಯ ಸಭೆಯೊಳಗಿನ ಚುನಾವಣೆ ಸುಲಭ, ಬೀದಿಯ ಚುನಾವಣೆ ಕಷ್ಟ. ಆದರೆ ಆ ಎಂಟು ತಿಂಗಳನ್ನು ಏನು ಮಾಡಬೇಕಿತ್ತು ಎಂಬ ಪ್ರಶ್ನೆ ಹಾಗೆಯೇ ಉಳಿದಿದೆ.

ಸದಸ್ಯರಿಲ್ಲದ ವಾರ್ಡಿನಲ್ಲಿ ಬೆಳಿಗ್ಗೆ ಎದ್ದರೆ ಮೇಲ್ನೋಟಕ್ಕೆ ಯಾವ ವ್ಯತ್ಯಾಸವೂ ಕಾಣುವುದಿಲ್ಲ ಎಂಬುದನ್ನು ಒಪ್ಪಬೇಕು. ಪೌರಕಾರ್ಮಿಕರು ಗುಡಿಸುತ್ತಾರೆ, ಕಸದ ಆಟೋ ಬರುತ್ತದೆ, ಬೀದಿ ದೀಪ ಉರಿಯುವ ಕಡೆ ಉರಿಯುತ್ತದೆ. ವ್ಯತ್ಯಾಸ ಕಾಣುವುದು ಏನಾದರೂ ಕೆಟ್ಟಾಗ. ಮೋರಿಯ ಕಾಮಗಾರಿ ಅರ್ಧಕ್ಕೆ ನಿಂತಿದ್ದರೆ ಗುತ್ತಿಗೆದಾರನನ್ನು ಕೇಳುವವರಿಲ್ಲ, ವಾರ್ಡ್ ಎಂಜಿನಿಯರನ್ನು ಕೇಳಿದರೆ ಅವರು ಮೇಲಿನವರತ್ತ ಬೆರಳು ತೋರಿಸುತ್ತಾರೆ, ಮೇಲಿನವರು ಬಜೆಟ್ಟಿನತ್ತ ತೋರಿಸುತ್ತಾರೆ. ಬಜೆಟ್ ತಯಾರಾಗುವ ತಿಂಗಳುಗಳಲ್ಲಿ ಸ್ಥಾನ ಖಾಲಿಯಿದ್ದರಂತೂ ಆ ವಾರ್ಡಿನ ಬೇಡಿಕೆಗಳು ಪಟ್ಟಿಗೆ ಸೇರುವುದೇ ಅನುಮಾನ, ಏಕೆಂದರೆ ಪಟ್ಟಿ ಹಿಡಿದು ಕೊಠಡಿಯಿಂದ ಕೊಠಡಿಗೆ ಅಲೆಯುವುದು ಸದಸ್ಯರ ಕೆಲಸವೇ ಹೊರತು ಅಧಿಕಾರಿಗಳದ್ದಲ್ಲ. ಇನ್ನು ವಾರ್ಡ್ ಸಮಿತಿ. ಕರ್ನಾಟಕ ಮುನಿಸಿಪಲ್ ಕಾರ್ಪೊರೇಷನ್‌ಗಳ ವಾರ್ಡ್ ಸಮಿತಿ ನಿಯಮಗಳು 2016ರಲ್ಲಿ ಬಂದವು. ಅವುಗಳ ಪ್ರಕಾರ ಪ್ರತಿ ವಾರ್ಡಿಗೂ ಹತ್ತು ಸದಸ್ಯರ ಸಮಿತಿ, ಅದರಲ್ಲಿ ಕನಿಷ್ಠ ಮೂವರು ಮಹಿಳೆಯರು, ಇಬ್ಬರು ಪರಿಶಿಷ್ಟ ಜಾತಿ ಅಥವಾ ಪಂಗಡದವರು, ಇಬ್ಬರು ನಿವಾಸಿಗಳ ಸಂಘಗಳ ಪ್ರತಿನಿಧಿಗಳು. ಆ ವಾರ್ಡಿನ ಪಾಲಿಕೆ ಸದಸ್ಯರೇ ಅದರ ಅಧ್ಯಕ್ಷರು. ಅಧ್ಯಕ್ಷರ ಕುರ್ಚಿ ಖಾಲಿಯಾದರೆ ಹತ್ತು ಜನ ಕೂತು ಚಹಾ ಕುಡಿದು ಏಳಬಹುದು, ತೀರ್ಮಾನವೆಂದು ಬರೆದುಕೊಳ್ಳುವಂಥದ್ದೇನೂ ಆಗುವುದಿಲ್ಲ.

ಖಾಲಿ ಕುರ್ಚಿ ನಿಜವಾಗಿ ಖಾಲಿ ಇರುವುದೂ ಇಲ್ಲ. ಶಾಸಕರ ಆಪ್ತರೊಬ್ಬರು, ಸೋತ ಅಭ್ಯರ್ಥಿಯೊಬ್ಬರು, ಇಲ್ಲವೇ ತೀರಿಕೊಂಡ ಸದಸ್ಯರ ಮನೆಯವರೊಬ್ಬರು ಕೆಲವೇ ವಾರಗಳಲ್ಲಿ ಅಲ್ಲಿ ಕುಳಿತಿರುತ್ತಾರೆ. ಅವರಿಗೆ ಆದೇಶವಿಲ್ಲ, ಪ್ರಮಾಣವಚನವಿಲ್ಲ, ಲೆಕ್ಕ ಕೊಡಬೇಕಾದ ಹಂಗೂ ಇಲ್ಲ, ಆದರೆ ಗಣೇಶನ ಹಬ್ಬಕ್ಕೋ ರಾಜ್ಯೋತ್ಸವಕ್ಕೋ ಕಟ್ಟಿದ ಫ್ಲೆಕ್ಸ್‌ನಲ್ಲಿ ಅವರ ಮುಖ ಶಾಸಕರ ಮುಖದ ಪಕ್ಕದಲ್ಲೇ ಬರುತ್ತದೆ, ಎಂಜಿನಿಯರ್‌ಗಳು ಅವರ ಫೋನ್ ಎತ್ತುತ್ತಾರೆ. ಹಂಗಾಮಿ ಪ್ರತಿನಿಧಿ ಬೇಕೇ ಬೇಡವೇ ಎಂದು ಚರ್ಚಿಸುವವರು ಇದನ್ನು ಗಮನಿಸಬೇಕು. ಹಂಗಾಮಿ ಪ್ರತಿನಿಧಿ ನಮ್ಮಲ್ಲಿ ಯಾವಾಗಲೂ ಇದ್ದಾರೆ, ಅವರನ್ನು ಯಾರು ಆರಿಸಿದರು ಎಂಬುದು ಮಾತ್ರ ಯಾರಿಗೂ ಗೊತ್ತಿಲ್ಲ.

ಮನೆಯವರ ವಿಚಾರ ಸೂಕ್ಷ್ಮವಾದದ್ದು, ಆದರೂ ಹೇಳಬೇಕಾಗಿದೆ. 2018ರ ಜೂನ್‌ನಲ್ಲಿ ಬಿನ್ನಿಪೇಟೆ ವಾರ್ಡಿನ ಉಪಚುನಾವಣೆಯಲ್ಲಿ ತೀರಿಕೊಂಡ ಸದಸ್ಯೆಯ ಮಗಳೇ ಗೆದ್ದು ಬಂದರು. ಅದರಲ್ಲಿ ತಪ್ಪೇನಿಲ್ಲ. ಮತದಾರರು ತಮ್ಮ ಕಣ್ಣೆದುರು ಇದ್ದ ಅಭ್ಯರ್ಥಿಗಳಲ್ಲಿ ಒಬ್ಬರನ್ನು ಆರಿಸಿದರು, ಅಷ್ಟೇ. ಅನುಕಂಪವೂ ಮತ ಹಾಕಲು ಒಂದು ಕಾರಣವೇ, ಅದನ್ನು ಕೀಳಾಗಿ ಕಾಣುವ ಹಕ್ಕು ಪತ್ರ ಬರೆಯುವವರಿಗಿಲ್ಲ. ಆದರೆ ಮತದಾನಕ್ಕೆ ಮೊದಲೇ ಮನೆಯವರೊಬ್ಬರನ್ನು ಹಂಗಾಮಿಯಾಗಿ ಕೂರಿಸಿದರೆ ಮಾತು ಬೇರೆಯಾಗುತ್ತದೆ. ಸರ್ಕಾರಿ ನೌಕರಿಯಲ್ಲಿ ಅನುಕಂಪದ ಆಧಾರದ ನೇಮಕಾತಿ ಇದೆ, ಮನೆಯ ಅನ್ನದ ದಾರಿ ಮುಚ್ಚಬಾರದೆಂಬ ನ್ಯಾಯ ಅದರ ಹಿಂದಿದೆ. ಜನಪ್ರತಿನಿಧಿಯ ಸ್ಥಾನ ಯಾರ ಮನೆಯ ಅನ್ನವೂ ಅಲ್ಲ.

ಒಂದು ವಾರ್ಡ್ ಎಂಟು ತಿಂಗಳು ಖಾಲಿ ಬಿದ್ದದ್ದನ್ನು ದೊಡ್ಡದು ಮಾಡುವಾಗ ಇಡೀ ಊರೇ ಖಾಲಿ ಬಿದ್ದದ್ದನ್ನು ಮರೆಯುವಂತಿಲ್ಲ. 2015ರ ಆಗಸ್ಟ್‌ನಲ್ಲಿ ಆಯ್ಕೆಯಾದ ಪಾಲಿಕೆಯ ಅವಧಿ 2020ರ ಸೆಪ್ಟೆಂಬರ್ 10ಕ್ಕೆ ಮುಗಿಯಿತು. ಆ ಡಿಸೆಂಬರ್ 4ರಂದು ಹೈಕೋರ್ಟ್ 198 ವಾರ್ಡ್‌ಗಳಿಗೇ ಚುನಾವಣೆ ನಡೆಸಬೇಕೆಂದು ಹೇಳಿತು, ಅದೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ತಡೆ ಕೊಟ್ಟಿತು. ಆಮೇಲೆ ವಾರ್ಡ್‌ಗಳ ಸಂಖ್ಯೆ 243 ಆಯಿತು, 225 ಆಯಿತು, 2025ರ ಸೆಪ್ಟೆಂಬರ್ 2ರಂದು ಒಂದು ಪಾಲಿಕೆ ಹೋಗಿ ಕೇಂದ್ರ, ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ ಎಂಬ ಐದು ಪಾಲಿಕೆಗಳು ಬಂದವು, ವಾರ್ಡ್‌ಗಳು 369 ಆದವು. ಗಮನಿಸಬೇಕಾದ ಮಾತೆಂದರೆ, ಹೈಕೋರ್ಟಿನ ಆದೇಶಕ್ಕೆ ತಡೆ ಬಿದ್ದ ಅದೇ 2020ರ ಡಿಸೆಂಬರ್‌ನ 22 ಮತ್ತು 27ರಂದು, ಕೊರೊನಾ ಇನ್ನೂ ಹೋಗಿರದ ದಿನಗಳಲ್ಲಿ, ರಾಜ್ಯದ ಗ್ರಾಮ ಪಂಚಾಯಿತಿಗಳಿಗೆ ಎರಡು ಹಂತದಲ್ಲಿ ಮತದಾನ ನಡೆಯಿತು. ಹಳ್ಳಿಗೆ ಸಾಧ್ಯವಾದದ್ದು ರಾಜಧಾನಿಗೆ ಸಾಧ್ಯವಾಗಲಿಲ್ಲ. ಪಾಲಿಕೆಯ ಎಲ್ಲ ಸದಸ್ಯರ ಬದಲಿಗೆ ಒಬ್ಬ ಆಡಳಿತಾಧಿಕಾರಿ, ಪ್ರತಿ ವಾರ್ಡಿನ ಸದಸ್ಯರ ಬದಲಿಗೆ ಒಬ್ಬ ನೋಡಲ್ ಅಧಿಕಾರಿ ಬಂದರು. ಅವರಲ್ಲಿ ಒಳ್ಳೆಯ ಕೆಲಸಗಾರರೂ ಇದ್ದರು. ಆದರೆ ಅವರನ್ನು ನೇಮಿಸಿದವರೂ ವರ್ಗ ಮಾಡುವವರೂ ವಾರ್ಡಿನಲ್ಲಿ ವಾಸವಿರಲಿಲ್ಲ. ತಾತ್ಕಾಲಿಕ ವ್ಯವಸ್ಥೆಯೆಂದು ಆರಂಭವಾದದ್ದು ಒಂದು ಚುನಾಯಿತ ಪಾಲಿಕೆಯ ಪೂರ್ಣಾವಧಿಗಿಂತಲೂ ಹೆಚ್ಚು ಕಾಲ ನಡೆದ ಊರು ನಮ್ಮದು. ಆದ್ದರಿಂದ ಈ ಊರಿನಲ್ಲಿ ‘ಹಂಗಾಮಿ’ ಎಂಬ ಪದ ಕೇಳಿದೊಡನೆ ಜನ ಅನುಮಾನ ಪಡುವುದು ಸಹಜ, ಆ ಅನುಮಾನಕ್ಕೆ ನಿಯಮದಲ್ಲೇ ಉತ್ತರವಿರಬೇಕು.

ಕಾನೂನು ಏನು ಹೇಳುತ್ತದೆ? 1993ರ ಜೂನ್ 1ರಂದು ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿಯ ಪ್ರಕಾರ ನಗರಾಡಳಿತ ಸಂಸ್ಥೆಯ ಅವಧಿ ಐದು ವರ್ಷ, ಅವಧಿ ಮುಗಿಯುವ ಮೊದಲೇ ಚುನಾವಣೆ ಪೂರ್ಣವಾಗಬೇಕು, ವಿಸರ್ಜನೆಯಾದರೆ ಆರು ತಿಂಗಳೊಳಗೆ ನಡೆಯಬೇಕು. ಇದು 243ಯು ವಿಧಿ. ಆದರೆ ಸಂಸ್ಥೆ ಇದ್ದು ಅದರೊಳಗಿನ ಒಂದು ಸ್ಥಾನ ಮಾತ್ರ ತೆರವಾದರೆ ಎಷ್ಟು ದಿನದೊಳಗೆ ತುಂಬಬೇಕೆಂದು ಆ ಭಾಗದಲ್ಲಿ ಹೇಳಿಲ್ಲ. ಸಂಸತ್ತಿಗೂ ವಿಧಾನಸಭೆಗೂ ಅಂಥ ಗಡುವು ಇದೆ. ಜನತಾ ಪ್ರಾತಿನಿಧ್ಯ ಕಾಯ್ದೆಯ 151ಎ ಕಲಮಿನ ಪ್ರಕಾರ ಆರು ತಿಂಗಳೊಳಗೆ ಉಪಚುನಾವಣೆ ನಡೆಯಬೇಕು, ಉಳಿದ ಅವಧಿ ಒಂದು ವರ್ಷಕ್ಕಿಂತ ಕಡಿಮೆಯಿದ್ದರೆ, ಇಲ್ಲವೇ ಆ ಗಡುವಿನೊಳಗೆ ನಡೆಸುವುದು ಕಷ್ಟವೆಂದು ಚುನಾವಣಾ ಆಯೋಗ ಕೇಂದ್ರ ಸರ್ಕಾರದೊಡನೆ ಸಮಾಲೋಚಿಸಿ ದೃಢೀಕರಿಸಿದರೆ ಮಾತ್ರ ವಿನಾಯಿತಿ. ಇನ್ನೊಂದು ಕಡೆ, 243ಆರ್ ವಿಧಿ ನಗರಾಡಳಿತ ಸಂಸ್ಥೆಯ ಸ್ಥಾನಗಳೆಲ್ಲವೂ ವಾರ್ಡ್‌ಗಳಿಂದ ನೇರ ಚುನಾವಣೆಯ ಮೂಲಕವೇ ತುಂಬಬೇಕೆಂದು ಹೇಳುತ್ತದೆ. ವಿಶೇಷ ಜ್ಞಾನ ಅಥವಾ ಅನುಭವ ಉಳ್ಳವರಿಗೆ ಪ್ರಾತಿನಿಧ್ಯ ಕೊಡಲು ಅವಕಾಶವಿದ್ದರೂ ಸಭೆಯಲ್ಲಿ ಅವರಿಗೆ ಮತದ ಹಕ್ಕಿಲ್ಲ. ಅಂದರೆ ಸರ್ಕಾರವೋ ಮೇಯರೋ ಯಾರನ್ನಾದರೂ ಹೆಸರಿಸಿ, ತೆರವಾದ ಸ್ಥಾನದಲ್ಲಿ ಮತ ಹಾಕುವ ಸದಸ್ಯರನ್ನಾಗಿ ಕೂರಿಸುವ ದಾರಿ ನಮ್ಮಲ್ಲಿ ಮುಚ್ಚಿದೆ. ಅದು ಮುಚ್ಚಿರುವುದೇ ಸರಿ ಎಂದು ನನ್ನ ಅಭಿಪ್ರಾಯ. ಏಕೆ ಸರಿ ಎಂಬುದಕ್ಕೆ ಆ ದಾರಿ ತೆರೆದಿರುವ ಊರೊಂದನ್ನು ನೋಡಬಹುದು.

ಬೆಂಗಳೂರಿನ ಎಷ್ಟೋ ಮನೆಗಳ ಮಕ್ಕಳು ಕೆಲಸಕ್ಕೆಂದು ಹೋಗಿ ನೆಲೆಸಿರುವ ಅಮೆರಿಕದ ಸಿಯಾಟಲ್ ನಗರದ ಕೌನ್ಸಿಲ್‌ನಲ್ಲಿ ಒಂಬತ್ತು ಸದಸ್ಯರು. ಸ್ಥಾನವೊಂದು ತೆರವಾದರೆ ಉಳಿದ ಸದಸ್ಯರೇ ಅರ್ಜಿ ಕರೆದು, ಅರ್ಜಿದಾರರ ಹೆಸರು ಪ್ರಕಟಿಸಿ, ಸಾರ್ವಜನಿಕವಾಗಿ ಪ್ರಶ್ನೆ ಕೇಳಿ, ಬಹಿರಂಗವಾಗಿ ಮತ ಹಾಕಿ ಹಂಗಾಮಿ ಸದಸ್ಯರನ್ನು ಆರಿಸುತ್ತಾರೆ, ಮುಂದಿನ ಚುನಾವಣೆಯವರೆಗೆ ಅವರು ಪೂರ್ಣ ಅಧಿಕಾರದ ಸದಸ್ಯರು. ಇದೆಲ್ಲ ವಾರಗಳಲ್ಲಿ ಮುಗಿಯುತ್ತದೆ. ಕೇಳಲು ಚೆನ್ನಾಗಿದೆ. 2024ರ ಜನವರಿಯಲ್ಲಿ ನಗರವ್ಯಾಪಿ ಸ್ಥಾನವೊಂದು ತೆರವಾದಾಗ ಅಲ್ಲಿನ ಕೌನ್ಸಿಲ್ ತಾನ್ಯಾ ವೂ ಎಂಬವರನ್ನು ಆರಿಸಿತು. ಅವರು ಹಿಂದಿನ ನವೆಂಬರ್‌ನಲ್ಲಷ್ಟೇ ಒಂದು ಜಿಲ್ಲೆಯಿಂದ ಅದೇ ಕೌನ್ಸಿಲ್‌ಗೆ ಸ್ಪರ್ಧಿಸಿ ಅಲ್ಪ ಅಂತರದಲ್ಲಿ ಸೋತಿದ್ದವರು. ಮತದಾರರು ಬೇಡವೆಂದವರನ್ನು ಸದಸ್ಯರ ಬಹುಮತ ಬೇರೆ ಬಾಗಿಲಿನಿಂದ ಕರೆತಂದಿತೆಂಬ ಟೀಕೆ ಬಂತು. ಅದೇ ವರ್ಷದ ನವೆಂಬರ್‌ನಲ್ಲಿ ಅವರು ಆ ಸ್ಥಾನಕ್ಕೆ ಸ್ಪರ್ಧಿಸಿದಾಗ ಮತದಾರರು ಎರಡನೆಯ ಬಾರಿ ಸೋಲಿಸಿದರು. 2025ರ ಜನವರಿಯಲ್ಲಿ ಇನ್ನೊಂದು ಸ್ಥಾನ ತೆರವಾದಾಗ ಅದೇ ಕೌನ್ಸಿಲ್ ಆರಿಸಿದ್ದು ಮಾರ್ಕ್ ಸಾಲೊಮನ್ ಎಂಬವರನ್ನು. ಮುಂದಿನ ಚುನಾವಣೆಗೆ ನಿಲ್ಲುವುದಿಲ್ಲ, ಅಲ್ಲಿಯವರೆಗೆ ಕೆಲಸ ನೋಡಿಕೊಂಡು ಹೋಗುತ್ತೇನೆ ಎಂದು ಅವರು ಹೇಳಿದ್ದರು. ಒಂದೇ ಊರು, ಒಂದೇ ವಿಧಾನ, ಒಂದು ವರ್ಷದ ಅಂತರ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಆಯ್ಕೆಯ ವಿಧಾನದಷ್ಟೇ, ಬಹುಶಃ ಅದಕ್ಕಿಂತ ಹೆಚ್ಚಾಗಿ, ಹಂಗಾಮಿಯಾಗಿ ಕುಳಿತವರು ಚುನಾವಣೆಗೆ ನಿಲ್ಲುತ್ತಾರೋ ಇಲ್ಲವೋ ಎಂಬುದು ಮುಖ್ಯ ಎಂದು ಕಾಣುತ್ತದೆ.

ಇಂಗ್ಲೆಂಡಿನ ಹಳ್ಳಿ ಮತ್ತು ಸಣ್ಣ ಪಟ್ಟಣಗಳ ಕೌನ್ಸಿಲ್‌ಗಳಲ್ಲಿ ಇನ್ನೊಂದು ಪದ್ಧತಿ ಇದೆ. ಸ್ಥಾನ ತೆರವಾಗಿದೆಯೆಂದು ಪ್ರಕಟಣೆ ಹಚ್ಚಿದ ಮೇಲೆ ರಜಾದಿನಗಳನ್ನು ಬಿಟ್ಟು 14 ದಿನಗಳೊಳಗೆ ಹತ್ತು ಮತದಾರರು ಚುನಾವಣೆ ಬೇಕೆಂದು ಬರೆದುಕೊಟ್ಟರೆ ಚುನಾವಣೆ ನಡೆಯುತ್ತದೆ, ಯಾರೂ ಕೇಳದಿದ್ದರೆ ಕೌನ್ಸಿಲ್ ತಾನೇ ಒಬ್ಬರನ್ನು ಸೇರಿಸಿಕೊಳ್ಳುತ್ತದೆ. ಅಲ್ಲಿ ಅಭ್ಯರ್ಥಿಗಳೇ ಸಿಗದ ತೊಂದರೆ. ನಮ್ಮಲ್ಲಿ ಒಂದು ವಾರ್ಡಿಗೆ ಒಂದೊಂದು ಪಕ್ಷದಲ್ಲೇ ಹತ್ತು ಆಕಾಂಕ್ಷಿಗಳಿರುವುದರಿಂದ ಈ ಪದ್ಧತಿ ಇಲ್ಲಿಗೆ ಒಗ್ಗದು. ಆದರೆ ಹತ್ತು ಸಾಮಾನ್ಯ ಮತದಾರರ ಸಹಿಗೆ ಚುನಾವಣೆ ತರುವ ಬಲವಿದೆ ಎಂಬುದು ನನಗೆ ಬಹಳ ಹಿಡಿಸಿದ ಅಂಶ.

ಈಗ ನನ್ನ ಸಲಹೆಗೆ ಬರುತ್ತೇನೆ. ತೆರವಾದ ವಾರ್ಡಿಗೆ ಬೇಕಾಗಿರುವುದು ಪಾಲಿಕೆ ಸಭೆಯಲ್ಲಿ ಮತ ಹಾಕುವ ಬದಲಿ ಸದಸ್ಯರಲ್ಲ, ವಾರ್ಡ್ ಸಮಿತಿಯ ಹಂಗಾಮಿ ಅಧ್ಯಕ್ಷರು. ಮೇಯರ್ ಚುನಾವಣೆಯಲ್ಲಿ, ಅವಿಶ್ವಾಸ ನಿರ್ಣಯದಲ್ಲಿ, ಬಜೆಟ್ ಅಂಗೀಕಾರದಲ್ಲಿ ಆ ವಾರ್ಡಿನ ಮತ ಉಪಚುನಾವಣೆಯವರೆಗೆ ಖಾಲಿಯಾಗಿಯೇ ಉಳಿಯಲಿ. ಅದು ವಾರ್ಡಿನ ಮತದಾರರು ಕೊಟ್ಟಾಗ ಮಾತ್ರ ಹುಟ್ಟುವ ಮತ. ಆದರೆ ಸಮಿತಿಯ ಸಭೆ ನಡೆಯಬೇಕು, ಅದರ ನಡಾವಳಿಗೆ ಸಹಿ ಬೀಳಬೇಕು, ಈಗಾಗಲೇ ಮಂಜೂರಾದ ಕಾಮಗಾರಿಗಳ ಅಂದಾಜು ಪಟ್ಟಿಯನ್ನೂ ಬಿಲ್ಲುಗಳನ್ನೂ ಕೇಳಿ ಪಡೆದು ನೋಡುವ ಹಕ್ಕು ಯಾರಿಗಾದರೂ ಇರಬೇಕು, ವಾರ್ಡಿನ ಅಹವಾಲು ಲಿಖಿತವಾಗಿ ಕೌನ್ಸಿಲ್ ಕಾರ್ಯದರ್ಶಿಗಳಿಗೆ ತಲುಪಿ ಅದನ್ನು ಸಭೆಯಲ್ಲಿ ಓದುವ ವ್ಯವಸ್ಥೆ ಇರಬೇಕು. ಹೊಸ ಕಾಮಗಾರಿಗೆ ಶಿಫಾರಸು ಮಾಡುವ ಅಧಿಕಾರ ಅವರಿಗೆ ಬೇಡ. ಶಂಕುಸ್ಥಾಪನೆಯ ಕಲ್ಲಿನ ಮೇಲೆ ಹೆಸರಂತೂ ಬೇಡವೇ ಬೇಡ. ಇಷ್ಟು ಕಡಿಮೆ ಅಧಿಕಾರಕ್ಕೆ ಯಾರು ಮುಂದೆ ಬರುತ್ತಾರೆ ಎಂದು ಕೇಳಬಹುದು. ಯಾವ ಅಧಿಕಾರವೂ ಇಲ್ಲದೆ ಶನಿವಾರದ ವಾರ್ಡ್ ಸಭೆಗಳಿಗೆ ಬಂದು, ಅಧಿಕಾರಿಗಳಿಗಾಗಿ ಕಾದು, ಅದೇ ಮೋರಿಯ ಬಗ್ಗೆ ಅದೇ ಪ್ರಶ್ನೆಯನ್ನು ಬೇಸರವಿಲ್ಲದೆ ಕೇಳುವ ಗೃಹಿಣಿಯರು, ನಿವೃತ್ತರು, ಅಂಗಡಿಯವರು, ಕಾಲೇಜು ಅಧ್ಯಾಪಕರು ಈ ನಗರದ ಎಷ್ಟೋ ವಾರ್ಡ್‌ಗಳಲ್ಲಿ ಇದ್ದಾರೆ. ಬರುವವರು ಅವರೇ.

ಆಯ್ಕೆ ಹೇಗೆ? ವಾರ್ಡ್ ಸಮಿತಿಯ ಸದಸ್ಯರು ತಮ್ಮೊಳಗೆ ಒಬ್ಬರನ್ನು ಆರಿಸಿಕೊಳ್ಳಲಿ ಎಂದು ಬಿಟ್ಟುಬಿಡುವುದು ಸುಲಭ, ಆದರೆ ಸಾಲದು. ಸಮಿತಿಯ ಸದಸ್ಯರು ನಾಮನಿರ್ದೇಶನದಿಂದ ಬಂದವರು, ಎಷ್ಟೋ ಕಡೆ ಹೋದ ಸದಸ್ಯರ ಇಷ್ಟಾನುಸಾರ ಬಂದವರು. ಆದ್ದರಿಂದ ಆ ವಾರ್ಡಿನ ಮತದಾರರ ಪಟ್ಟಿಯಲ್ಲಿರುವ ಯಾರು ಬೇಕಾದರೂ ಅರ್ಜಿ ಹಾಕುವಂತಿರಲಿ, ಅರ್ಜಿಗಳನ್ನು ವಾರ್ಡ್ ಕಚೇರಿಯ ಬಾಗಿಲಿಗೂ ಪಾಲಿಕೆಯ ಜಾಲತಾಣಕ್ಕೂ ಹಾಕಲಿ, ಮುಂಚಿತವಾಗಿ ಸಾರಿದ ಒಂದು ಬಹಿರಂಗ ಸಭೆಯಲ್ಲಿ ಪ್ರತಿ ಅರ್ಜಿದಾರರೂ ಮಾತಾಡಲಿ, ಜನ ಪ್ರಶ್ನೆ ಕೇಳಲಿ, ಆಮೇಲೆ ಸಮಿತಿಯ ಸದಸ್ಯರು ಕೈ ಎತ್ತಿ ಮತ ಹಾಕಲಿ. ಸಮಬಲವಾದರೆ ಚೀಟಿ ಎತ್ತುವುದು ನಮ್ಮ ಸ್ಥಳೀಯ ಚುನಾವಣೆಗಳಿಗೆ ಹೊಸದಲ್ಲ. ಮೂವತ್ತು ದಿನಗಳೊಳಗೆ ಸಮಿತಿ ಯಾರನ್ನೂ ಆರಿಸದಿದ್ದರೆ ಪಾಲಿಕೆ ಆಯುಕ್ತರು ಅರ್ಹ ಅರ್ಜಿಗಳ ನಡುವೆ ಬಹಿರಂಗವಾಗಿ ಚೀಟಿ ಎತ್ತಿಸಲಿ, ತಾವಾಗಿ ಯಾರನ್ನೂ ಹೆಸರಿಸುವುದು ಬೇಡ. ಪಕ್ಷವೊಂದರ ಪದಾಧಿಕಾರಿಗಳು, ಪಾಲಿಕೆಯ ಗುತ್ತಿಗೆದಾರರು, ತೆರವಾದ ಸ್ಥಾನದ ಸದಸ್ಯರ ಹತ್ತಿರದ ಬಂಧುಗಳು ಅರ್ಜಿ ಹಾಕುವಂತಿಲ್ಲ ಎಂದಿರಲಿ.

ಮೀಸಲಾತಿಯನ್ನು ಇಲ್ಲಿ ಮರೆಯುವವರೇ ಹೆಚ್ಚು. ಕರ್ನಾಟಕದ ನಗರಾಡಳಿತ ಸಂಸ್ಥೆಗಳಲ್ಲಿ ಅರ್ಧದಷ್ಟು ಸ್ಥಾನಗಳು ಮಹಿಳೆಯರಿಗೆ ಮೀಸಲು. ಪರಿಶಿಷ್ಟ ಜಾತಿ, ಪಂಗಡ ಮತ್ತು ಹಿಂದುಳಿದ ವರ್ಗಗಳ ಮೀಸಲಾತಿ ಬೇರೆ ಇದೆ. ಮಹಿಳೆಗೆ ಮೀಸಲಾದ ವಾರ್ಡ್ ತೆರವಾದಾಗ ಉಪಚುನಾವಣೆಯಲ್ಲೂ ಆ ಮೀಸಲಾತಿ ಮುಂದುವರಿಯುತ್ತದೆ. ಹೀಗಿರುವಾಗ ನಡುವಿನ ತಿಂಗಳುಗಳಲ್ಲಿ ಅಲ್ಲಿ ಗಂಡಸೊಬ್ಬರನ್ನು ಕೂರಿಸಿದರೆ ಆ ಮೀಸಲಾತಿಗೆ ಅಷ್ಟು ದಿನ ರಜೆ ಕೊಟ್ಟ ಹಾಗಾಗುತ್ತದೆ. ಸದಸ್ಯೆಯ ಬದಲು ಪತಿಯೇ ಸಭೆಗೆ ಬಂದು ಕೂರುವ ಪರಿಪಾಠವನ್ನು ಕಂಡಿರುವ ನಮಗೆ ಇದನ್ನು ವಿವರಿಸಬೇಕಾಗಿಲ್ಲ. ಸ್ಥಾನದ ಮೀಸಲಾತಿ ಯಾವುದೋ ಹಂಗಾಮಿ ಅಧ್ಯಕ್ಷರೂ ಅದೇ ವರ್ಗದವರಾಗಿರಬೇಕು.

ಈ ಸಲಹೆಗೆ ಬರಬಹುದಾದ ಆಕ್ಷೇಪಗಳಲ್ಲಿ ಖರ್ಚಿನ ಮಾತನ್ನು ಬೇಗ ಮುಗಿಸಬಹುದು. ಒಂದು ವಾರ್ಡಿಗೆ ಉಪಚುನಾವಣೆ ನಡೆಸುವುದು ದುಂದು, ಹಂಗಾಮಿಯವರನ್ನೇ ಅವಧಿ ಮುಗಿಯುವವರೆಗೆ ಮುಂದುವರಿಸಿ ಎಂದು ಕೆಲವರು ಹೇಳುತ್ತಾರೆ. 2011ರ ಜನಗಣತಿಯ ಲೆಕ್ಕದಲ್ಲಿ ನೋಡಿದರೆ 369 ವಾರ್ಡ್‌ಗಳಲ್ಲಿ ಒಂದೊಂದಕ್ಕೂ ಸರಾಸರಿ ಸುಮಾರು 23 ಸಾವಿರ ಜನ, ಈಗ ಅದಕ್ಕಿಂತ ಸಾಕಷ್ಟು ಹೆಚ್ಚಿರಲೇಬೇಕು. ಇಷ್ಟು ಜನರಿರುವ ಪಟ್ಟಣಕ್ಕೆ ರಾಜ್ಯದಲ್ಲಿ ಬೇರೆ ಕಡೆ ಪುರಸಭೆಯೇ ಇದೆ. ಪುರಸಭೆಗೆ ಚುನಾವಣೆ ದುಂದು ಎಂದು ಯಾರೂ ಹೇಳುವುದಿಲ್ಲ. ಸಾಮಾನ್ಯ ಚುನಾವಣೆ ತಡವಾದಾಗ ಹೇಳುವ ಕಾರಣಗಳು ಉಪಚುನಾವಣೆಗೆ ಅನ್ವಯಿಸುವುದಿಲ್ಲ ಎಂಬುದನ್ನೂ ನೆನಪಿಡಬೇಕು. ವಾರ್ಡಿನ ಗಡಿ ನಿಗದಿಯಾಗಿರುತ್ತದೆ, ಮೀಸಲಾತಿ ನಿಗದಿಯಾಗಿರುತ್ತದೆ, ಮತದಾರರ ಪಟ್ಟಿಯನ್ನು ಪರಿಷ್ಕರಿಸಿದರೆ ಸಾಕು. ಸಾಮಾನ್ಯ ಚುನಾವಣೆಗೇ ವಾರ್ಡ್ ಮರುವಿಂಗಡಣೆ ಅಡ್ಡ ಬರಬಾರದೆಂದು ಸುಪ್ರೀಂ ಕೋರ್ಟ್ 2022ರಲ್ಲಿ ಮಧ್ಯಪ್ರದೇಶದ ಪ್ರಕರಣದಲ್ಲಿ ಹೇಳಿರುವಾಗ, ಮರುವಿಂಗಡಣೆಯೇ ಇಲ್ಲದ ಉಪಚುನಾವಣೆಗೆ ತಿಂಗಳುಗಟ್ಟಲೆ ಕಾಯಿಸುವುದಕ್ಕೆ ಏನು ಸಮರ್ಥನೆ? ಉಳಿದ ಅವಧಿ ಆರು ತಿಂಗಳಿಗಿಂತ ಕಡಿಮೆಯಿದ್ದರೆ ಉಪಚುನಾವಣೆ ಬಿಡಬಹುದು. ಅಷ್ಟು ವಿನಾಯಿತಿ ಸಾಕು.

ಕ್ಷೇತ್ರದ ಶಾಸಕರೇ ನೋಡಿಕೊಳ್ಳಲಿ ಎಂಬುದು ಇನ್ನೊಂದು ವಾದ. ಶಾಸಕರಿಗೆ ಪಾಲಿಕೆಯಲ್ಲಿ ಈಗಾಗಲೇ ಸ್ಥಾನವಿದೆ, ಮೇಯರ್ ಚುನಾವಣೆಯಲ್ಲಿ ಅವರು ಮತ ಹಾಕುವುದನ್ನು ಬೆಂಗಳೂರು ನೋಡಿದೆ. ಒಬ್ಬ ಶಾಸಕರ ಕ್ಷೇತ್ರದೊಳಗೆ ಹತ್ತಾರು ವಾರ್ಡ್‌ಗಳಿವೆ, ಅವರಿಗೆ ಬೇರೆ ಕೆಲಸಗಳಿವೆ. ಅದಕ್ಕಿಂತ ಹೆಚ್ಚಾಗಿ, ವಾರ್ಡಿನ ಸದಸ್ಯರು ಎಷ್ಟೋ ಬಾರಿ ಶಾಸಕರೊಡನೆಯೇ ಗುದ್ದಾಡಿ ವಾರ್ಡಿಗೆ ಏನನ್ನಾದರೂ ತರಬೇಕಾಗುತ್ತದೆ. ಗುದ್ದಾಡಬೇಕಾದವರ ಜಾಗದಲ್ಲಿ ಶಾಸಕರನ್ನೇ ಕೂರಿಸುವುದರಲ್ಲಿ ಅರ್ಥವಿಲ್ಲ.

ಗಂಭೀರವಾದ ಆಕ್ಷೇಪ ಒಂದಿದೆ, ಅದನ್ನು ನಾನೂ ಒಪ್ಪುತ್ತೇನೆ. ಹಂಗಾಮಿ ವ್ಯವಸ್ಥೆ ಚೆನ್ನಾಗಿ ನಡೆದರೆ ಉಪಚುನಾವಣೆಗೆ ಅವಸರವೇನು ಎಂಬ ಮಾತು ಹುಟ್ಟುತ್ತದೆ. ಕೆಟ್ಟದಾಗಿ ನಡೆದರೆ ಯಾರೂ ಕೇಳುವುದಿಲ್ಲ, ಚೆನ್ನಾಗಿ ನಡೆದರೇ ಅಪಾಯ. ಆಡಳಿತಾಧಿಕಾರಿಗಳ ಆಡಳಿತವನ್ನು ಹೊಗಳುತ್ತಾ, ಕಾರ್ಪೊರೇಟರ್‌ಗಳಿಲ್ಲದೆ ಭ್ರಷ್ಟಾಚಾರ ಕಡಿಮೆಯಾಗಿದೆ, ಇದೇ ವಾಸಿ ಎಂದು ಹೇಳುವ ವಿದ್ಯಾವಂತರನ್ನು ಈ ವರ್ಷಗಳಲ್ಲಿ ಬೇಕಾದಷ್ಟು ಜನ ಕೇಳಿರಬಹುದು. ಆದ್ದರಿಂದ ಹಂಗಾಮಿ ಅಧ್ಯಕ್ಷರ ನೇಮಕದ ಆದೇಶವೂ ಉಪಚುನಾವಣೆಯ ದಿನಾಂಕವೂ ಒಂದಕ್ಕೊಂದು ಅಂಟಿಕೊಂಡೇ ಬರಬೇಕು. ಸ್ಥಾನ ತೆರವಾಗಿದೆಯೆಂದು ಪಾಲಿಕೆ ಹದಿನೈದು ದಿನಗಳೊಳಗೆ ರಾಜ್ಯ ಚುನಾವಣಾ ಆಯೋಗಕ್ಕೆ ತಿಳಿಸಬೇಕು, ತಿಳಿಸದಿದ್ದರೆ ವಾರ್ಡಿನ ಹತ್ತು ಮತದಾರರು ನೇರವಾಗಿ ಆಯೋಗಕ್ಕೆ ಬರೆದರೂ ಅದನ್ನು ತಿಳಿವಳಿಕೆಯೆಂದೇ ಪರಿಗಣಿಸಬೇಕು, ಆಯೋಗ ದಿನಾಂಕ ಪ್ರಕಟಿಸಿದ ಮೇಲೆಯೇ ಹಂಗಾಮಿ ಅಧ್ಯಕ್ಷರ ಆದೇಶ ಹೊರಬೀಳಬೇಕು. ಸ್ಥಾನ ತೆರವಾದ ದಿನದಿಂದ ಆರು ತಿಂಗಳಿಗೆ ಆ ಆದೇಶ ತಾನಾಗಿ ರದ್ದಾಗಬೇಕು, ಅದನ್ನು ವಿಸ್ತರಿಸುವ ಅಧಿಕಾರ ಸರ್ಕಾರಕ್ಕಾಗಲಿ ಪಾಲಿಕೆಗಾಗಲಿ ಇರಬಾರದು.

ಹಂಗಾಮಿಯಾಗಿ ಕುಳಿತವರು ಆ ಉಪಚುನಾವಣೆಗೆ ನಿಲ್ಲಬಾರದೆಂಬುದು ಈ ಪತ್ರದಲ್ಲಿ ನಾನು ಬೇಡುವ ಎಲ್ಲಕ್ಕಿಂತ ದೊಡ್ಡ ಷರತ್ತು. ಅದು ಸಾಧ್ಯವಾಗುವ ಬಗೆಯನ್ನೂ ಯೋಚಿಸಬೇಕು. ಸಿಯಾಟಲ್‌ನಲ್ಲಿ ಒಬ್ಬರು ಮಾತು ಕೊಟ್ಟರು, ನಡೆದುಕೊಂಡರು. ಇಲ್ಲಿ ಬಾಯಿಮಾತಿನ ಭರವಸೆಗಾಗಲಿ, ಸ್ಟಾಂಪ್ ಪೇಪರಿನ ಮುಚ್ಚಳಿಕೆಗಾಗಲಿ ನಾಮಪತ್ರ ಸಲ್ಲಿಸುವ ದಿನ ಬೆಲೆ ಉಳಿಯುವುದಿಲ್ಲ, ಚುನಾವಣಾಧಿಕಾರಿ ಅದನ್ನು ನೋಡುವ ಅಗತ್ಯವೂ ಇಲ್ಲ. ಆದ್ದರಿಂದ ಅದು ನಿಯಮದಲ್ಲಿ ಸೇರಿದರೆ ಸಾಲದು, ಈ ಐದು ಪಾಲಿಕೆಗಳಿಗೆ ಆಧಾರವಾದ ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆಯ ಅನರ್ಹತೆಗಳ ಪಟ್ಟಿಯಲ್ಲೇ, ಆ ಒಂದು ಉಪಚುನಾವಣೆಗೆ ಮಾತ್ರ ಅನ್ವಯಿಸುವಂತೆ, ತಿದ್ದುಪಡಿಯಾಗಿ ಸೇರಬೇಕು. ಇದಕ್ಕೆ ವಿಧಾನಮಂಡಲವೇ ಮನಸ್ಸು ಮಾಡಬೇಕಾಗುತ್ತದೆ. ನಗರದ ಶಾಸಕರಲ್ಲಿ ಯಾರಾದರೊಬ್ಬರು, ಯಾವ ಪಕ್ಷದವರಾದರೂ ಸರಿ, ಮುಂದಿನ ಅಧಿವೇಶನದಲ್ಲಿ ಖಾಸಗಿ ವಿಧೇಯಕವಾಗಿಯಾದರೂ ಇದನ್ನು ಮಂಡಿಸಬೇಕೆಂದು ತಮ್ಮ ಪತ್ರಿಕೆಯ ಮೂಲಕ ವಿನಂತಿಸುತ್ತೇನೆ.

ಇಂತಿ,
ವಾರ್ಡ್ ಸಮಿತಿಯ ಮಾಜಿ ಸದಸ್ಯ,
ವಿಜಯನಗರ, ಬೆಂಗಳೂರು